ಸುಣ್ಣ, ಇಟ್ಟಿಗೆಯ ಲೆಕ್ಕ ಹೇಳಿದ ಚಿತ್ರಗಳು



ಅಕ್ಷರ ಕಲಿಯುವ ಮೊದಲು ನೀವು ಹಾಲಿನ ಲೆಕ್ಕ ಹೇಗೆ ಇಡುತ್ತಿದ್ದಿರಿ? ಗೋಡೆ ಮೇಲೆ ಇದ್ದಿಲಿನಿಂದ ಗೀಟು ಎಳೆಯುತ್ತಿದ್ದಿರಿ, ಅಲ್ಲವೇ? ಒಂದು ಪಾವು ಹಾಲಿಗೆ ಒಂದು ಗೀಟು. ತಿಂಗಳ ಕೊನೆಗೆ ಗೀಟು ಎಣಿಸಿದರೆ ಲೆಕ್ಕ ಸಿಕ್ಕಿತು. ಆ ಗೀಟು ಕೂಡ ಒಂದು ಬರವಣಿಗೆಯೇ.

ದೂರದ ಒಂದು ದೇಶದಲ್ಲಿ ಜನರು ಇಂಥ ಗುರುತುಗಳನ್ನು ಬಹಳ ಬೆಳೆಸಿದ್ದರು. ಅವರು ಚಿತ್ರದಲ್ಲೇ ಬರೆಯುತ್ತಿದ್ದರು. ಊರಿನ ಹೆಸರು, ವರ್ಷ, ಲೆಕ್ಕ ಎಲ್ಲವೂ ಚಿತ್ರದಲ್ಲಿ. ಮನೆ ಕಟ್ಟಿದ್ದು, ತೊಲೆ ಹೊತ್ತದ್ದು, ಸುಣ್ಣ ಕೊಟ್ಟದ್ದು ಕೂಡ ಚಿತ್ರದಲ್ಲಿ. ಒಂದು ಸಲ ಅವರು ಆ ಚಿತ್ರಗಳನ್ನು ಕೋರ್ಟಿಗೆ ಒಯ್ದರು. ಆಳುವ ಅಧಿಕಾರಿಗಳ ಮೇಲೇ ದೂರು ಹೇಳಿದರು. ಏನಾಯಿತು? ಬನ್ನಿ, ಓದೋಣ.

ಯಾರು ಈ ಜನ?

ಆ ದೇಶದ ಹೆಸರು ಮೆಕ್ಸಿಕೊ. ಅದು ಭೂಮಿಯ ಇನ್ನೊಂದು ಬದಿಯಲ್ಲಿದೆ. ನಮಗೆ ಬೆಳಗಾಗುವಾಗ ಅಲ್ಲಿ ಸಂಜೆ. ಅಲ್ಲಿಯ ಒಂದು ಹಳೆಯ ಭಾಷೆ ನಹುವಾಟಲ್. ಆ ಭಾಷೆ ಆಡುವವರು ನಹುವಾ ಜನ. ಈಗಲೂ ಆ ಭಾಷೆ ಇದೆ. 2020ರ ಜನಗಣತಿಯಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ಆ ಭಾಷೆ ಆಡುತ್ತೇವೆ ಅಂದರು.

ಇವರ ಹೆಸರು ನಮಗೆ ಹೊಸದು. ಆದರೆ ಇವರ ಊಟ ಹೊಸದಲ್ಲ. ನಾವು ಸಾರಿಗೆ ಹಾಕುವ ಟೊಮೆಟೊ, ಮೆಣಸಿನಕಾಯಿ, ಹೊಲದ ಮೆಕ್ಕೆಜೋಳ ಎಲ್ಲ ಮೊದಲು ಬೆಳೆದದ್ದು ಆ ಸೀಮೆಯಲ್ಲಿ. ಟೊಮೆಟೊ ಅನ್ನೋ ಪದ ಕೂಡ ನಹುವಾಟಲ್ ಭಾಷೆಯಿಂದಲೇ ಬಂದದ್ದು.

ನಹುವಾ ಜನರಲ್ಲಿ ಮೆಶೀಕಾ ಎಂಬ ಪಂಗಡದವರು 1325ರಲ್ಲಿ ಒಂದು ಊರು ಕಟ್ಟಿದರು ಅಂತ ಅವರ ಪುಸ್ತಕಗಳು ಹೇಳುತ್ತವೆ. ಊರಿನ ಹೆಸರು ತೆನೋಚ್ಟಿಟ್ಲಾನ್. ದೊಡ್ಡ ಸರೋವರದ ನಡುವೆ ಒಂದು ದ್ವೀಪ. ಅದರ ಮೇಲೆ ಊರು. ಸುತ್ತ ನೀರು, ಕೆಳಗೆ ಕೆಸರು ನೆಲ. ಅಂಥ ಕಡೆ ಕಲ್ಲಿನ ಗುಡಿ, ಅರಮನೆ, ದಾರಿಗಳನ್ನು ಕಟ್ಟಿದರು. ಈಗಿನ ಮೆಕ್ಸಿಕೊ ನಗರ ನಿಂತಿರುವುದು ಅದೇ ಜಾಗದ ಮೇಲೆ.

ಗಾಡಿ ಎಳೆಯಲು ಅವರ ಹತ್ತಿರ ಎತ್ತು ಇರಲಿಲ್ಲ, ಕುದುರೆಯೂ ಇರಲಿಲ್ಲ. ನೀರಿನ ಮೇಲೆ ದೋಣಿ, ನೆಲದ ಮೇಲೆ ಮನುಷ್ಯರ ಬೆನ್ನು. ಹೊರೆಗೆ ಕಟ್ಟಿದ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು ಬೆನ್ನ ಮೇಲೆ ಹೊರುತ್ತಿದ್ದರು. ಕಲ್ಲು, ಮರ, ಸುಣ್ಣ ಎಲ್ಲವೂ ಹಾಗೇ ಬರಬೇಕು. ಇಷ್ಟು ಕೆಲಸ ನಡೆಯುವಾಗ ಲೆಕ್ಕ ಬೇಡವೇ?

ಬರೆಯುವವರು

ಲೆಕ್ಕ ಇಡುವವರನ್ನು ಟ್ಲಕುಯಿಲೊ ಅನ್ನುತ್ತಿದ್ದರು. ಚಿತ್ರ ಬರೆಯುವವರು ಅಂತ ಅರ್ಥ. ಅಕ್ಷರ ಬರೆಯುವವರು ಅಂತಲೂ ಅದೇ ಅರ್ಥ. ಅವರಿಗೆ ಎರಡೂ ಒಂದೇ ಕೆಲಸ.

ಕಾಗದ ಎಲ್ಲಿಂದ? ನಮ್ಮ ಆಲ, ಅತ್ತಿ ಮರಗಳ ಜಾತಿಗೆ ಸೇರಿದ ಮರ ಅಲ್ಲೂ ಇದೆ. ಅದರ ತೊಗಟೆಯ ಒಳನಾರನ್ನು ಬೇಯಿಸಿ, ಹಲಗೆ ಮೇಲೆ ಹರಡಿ, ಕಲ್ಲಿನಿಂದ ತಟ್ಟಿ ಕಾಗದ ಮಾಡುತ್ತಿದ್ದರು. ಜಿಂಕೆ ಚರ್ಮದ ಮೇಲೂ ಬರೆಯುತ್ತಿದ್ದರು. ಕಪ್ಪು ಬಣ್ಣಕ್ಕೆ ಮಸಿ. ಕೆಂಪು ಬಣ್ಣಕ್ಕೆ ಪಾಪಾಸುಕಳ್ಳಿ ಮೇಲೆ ಬೆಳೆಯುವ ಒಂದು ಸಣ್ಣ ಹುಳ. 'ಕಪ್ಪು ಶಾಯಿ, ಕೆಂಪು ಶಾಯಿ' ಅಂದರೆ ಅವರ ಮಾತಿನಲ್ಲಿ 'ವಿದ್ಯೆ' ಅಂತ ಅರ್ಥ.

ಹೆಂಗಸರು ಬರೆಯುತ್ತಿದ್ದರೇ? ಪ್ಯಾರಿಸ್ ನಗರದ ಗ್ರಂಥಾಲಯದಲ್ಲಿ ಇವರ ಒಂದು ಹಳೆಯ ಚಿತ್ರಪುಸ್ತಕ ಇದೆ. ಅದರಲ್ಲಿ ಒಬ್ಬ ಹೆಂಗಸಿನ ಚಿತ್ರ ಇದೆ. ಅವಳು ಕುಳಿತು, ಕೈಯಲ್ಲಿ ಕಡ್ಡಿ ಹಿಡಿದು ಬರೆಯುತ್ತಿದ್ದಾಳೆ. ಪಕ್ಕದಲ್ಲಿ 'ಚಿತ್ರ ಬರೆಯುವವಳು' ಅಂತ ಬರೆದಿದ್ದಾರೆ. ಅವಳು ಮೆಶೀಕಾ ರಾಜನೊಬ್ಬನ ಮನೆಯವಳು.

ಮನೆಯ ಗುರುತು

ಈಗ ಒಂದು ಚಿತ್ರ ಕಲಿಯೋಣ. ನಹುವಾಟಲ್ ಭಾಷೆಯಲ್ಲಿ ಮನೆಗೆ 'ಕಲ್ಲಿ' ಅನ್ನುತ್ತಾರೆ. ಕೇಳಲು ನಮ್ಮ ಕಲ್ಲು ಪದದ ಹಾಗಿದೆ. ಆದರೆ ಎರಡಕ್ಕೂ ಸಂಬಂಧ ಇಲ್ಲ.

ಕಲ್ಲಿಯ ಚಿತ್ರವನ್ನು ಹೀಗೆ ಬರೆಯುತ್ತಾರೆ. ಮನೆಯನ್ನು ಪಕ್ಕದಿಂದ ನೋಡಿದ ಹಾಗೆ. ಕೆಳಗೆ ಪಾಯ. ಅದರ ಮೇಲೆ ನೆಟ್ಟಗೆ ಗೋಡೆ. ಬಾಗಿಲಿನ ಕಂಬ, ಕಂಬದ ಮೇಲೆ ಅಡ್ಡ ತೊಲೆ. ಮೇಲೆ ಮಟ್ಟಸವಾದ ಮಾಳಿಗೆ. ನಾಲ್ಕೈದು ಗೆರೆ, ಅಷ್ಟೇ. ಆದರೆ ನೋಡಿ, ಮನೆ ಕಟ್ಟುವ ಕ್ರಮವೇ ಅದರಲ್ಲಿದೆ. ಪಾಯ, ಗೋಡೆ, ಕಂಬ, ತೊಲೆ. ಮನೆ ಕಟ್ಟುವುದನ್ನು ಕಂಡವರು ಈ ಚಿತ್ರವನ್ನು ಒಂದೇ ನೋಟಕ್ಕೆ ಓದಬಹುದು.

ಈ ಗುರುತಿಗೆ ಇನ್ನೊಂದು ಕೆಲಸ ಇತ್ತು. ನಮ್ಮಲ್ಲಿ ಸಂವತ್ಸರಗಳಿಗೆ ಹೆಸರಿದೆಯಲ್ಲ, ಅವರಲ್ಲೂ ವರ್ಷಗಳಿಗೆ ಹೆಸರಿತ್ತು. ಮನೆ, ಮೊಲ, ಜೊಂಡು, ಚಕಮಕಿ ಕಲ್ಲು ಎಂಬ ನಾಲ್ಕು ಗುರುತು. ಅದರ ಜೊತೆಗೆ 1ರಿಂದ 13ರವರೆಗೆ ಚುಕ್ಕೆ. ಊರು ಕಟ್ಟಿದ 1325ನೇ ವರ್ಷಕ್ಕೆ ಎರಡು ಚುಕ್ಕೆ, ಒಂದು ಮನೆ. ಅದು 'ಎರಡು ಮನೆ' ವರ್ಷ. ಈ ಚುಕ್ಕೆ ಮತ್ತು ಮನೆ ಮುಂದೆ ಇನ್ನೊಮ್ಮೆ ಬರುತ್ತದೆ. ನೆನಪಿಡಿ.

ಬೇರೆ ಗುರುತುಗಳೂ ಸುಲಭ. ಬಾಯಿಂದ ಸುರುಳಿ ಹೊರಟರೆ ಮಾತಾಡುತ್ತಿದ್ದಾರೆ ಅಂತ. ಹೆಜ್ಜೆ ಗುರುತು ಇದ್ದರೆ ದಾರಿ, ಪ್ರಯಾಣ. ಗುಡಿಯ ಮಾಡು ವಾಲಿ ಬೆಂಕಿ ಹತ್ತಿದ್ದರೆ ಆ ಊರು ಯುದ್ಧದಲ್ಲಿ ಸೋತಿತು ಅಂತ.

ಚಿತ್ರದಿಂದ ಹೆಸರು

ಊರಿನ ಹೆಸರನ್ನು ಚಿತ್ರದಲ್ಲಿ ಹೇಗೆ ಬರೆಯುವುದು? ನಮ್ಮ ತಲಕಾಡನ್ನೇ ತಗೊಳ್ಳಿ. ಒಂದು ತಲೆ ಬರೆದು, ಪಕ್ಕದಲ್ಲಿ ಕಾಡು ಬರೆದರೆ? 'ತಲೆ ಕಾಡು' ಅಂತ ಓದಬಹುದು. ತಲಕಾಡು ಅಂತ ತಿಳಿಯುತ್ತದೆ.

ಅವರೂ ಹಾಗೇ ಮಾಡಿದರು. ತೋಚ್‌ಪಾನ್ ಅಂತ ಒಂದು ಊರು. ಮೊಲಕ್ಕೆ ಅವರ ಭಾಷೆಯಲ್ಲಿ 'ತೋಚ್‌ಟ್ಲಿ'. ಬಾವುಟಕ್ಕೆ 'ಪಾಂಟ್ಲಿ'. ಒಂದು ಮೊಲ, ಒಂದು ಬಾವುಟ ಬರೆದರು. ತೋಚ್, ಪಾನ್. ಊರಿನ ಹೆಸರು ಬಂತು. ಇಲ್ಲಿ ಬಾವುಟಕ್ಕೆ ಬಾವುಟ ಅನ್ನೋ ಅರ್ಥ ಇಲ್ಲ. 'ಪಾನ್' ಅನ್ನೋ ಶಬ್ದಕ್ಕಾಗಿ ಮಾತ್ರ ಅದು ಬಂದಿದೆ. ಶಬ್ದಕ್ಕೆ ಗುರುತು ಅಂದರೆ ಅಕ್ಷರವೇ ಆಯಿತಲ್ಲ! ಆದ್ದರಿಂದ ಇದು ಬರೀ ಚಿತ್ರ ಅಲ್ಲ, ಬರವಣಿಗೆ ಅಂತ ತಿಳಿದವರು ಹೇಳುತ್ತಾರೆ.

ಎಣಿಕೆ ಹೇಗೆ?

ನಾವು ಹತ್ತು ಹತ್ತಾಗಿ ಎಣಿಸುತ್ತೇವೆ. ಅವರು ಇಪ್ಪತ್ತು ಇಪ್ಪತ್ತಾಗಿ ಎಣಿಸುತ್ತಿದ್ದರು. ಕೈ ಬೆರಳು, ಕಾಲು ಬೆರಳು ಸೇರಿದರೆ ಇಪ್ಪತ್ತು ತಾನೇ?

ಒಂದಕ್ಕೆ ಒಂದು ಚುಕ್ಕೆ.
ಇಪ್ಪತ್ತಕ್ಕೆ ಒಂದು ಬಾವುಟ.
ನಾನೂರಕ್ಕೆ ಒಂದು ಕೂದಲಿನ ಗುರುತು. ನೋಡಲು ಗರಿಯ ಹಾಗಿರುತ್ತದೆ. 20 ಸಲ 20 ಅಂದರೆ 400.
ಎಂಟು ಸಾವಿರಕ್ಕೆ ಒಂದು ಚೀಲ. 20 ಸಲ 400 ಅಂದರೆ 8000.

ಎರಡು ಕೂದಲು, ಮೂರು ಬಾವುಟ, ಒಂಬತ್ತು ಚುಕ್ಕೆ ಇದ್ದರೆ ಎಷ್ಟು? 800, 60, 9. ಒಟ್ಟು 869. ಸರಿ ಬಂತೇ?

ತೊಲೆ, ಸುಣ್ಣ ತಂದವರು

1541ರ ಸುಮಾರಿಗೆ ಬರೆದ ಒಂದು ಪುಸ್ತಕ ಇದೆ. ಅದನ್ನು ಮೆಂಡೋಜಾ ಪುಸ್ತಕ ಅನ್ನೋಣ. ಆ ಹೊತ್ತಿಗೆ ಸ್ಪೇನ್ ದೇಶದವರು ಮೆಕ್ಸಿಕೊವನ್ನು ಗೆದ್ದಿದ್ದರು. ಮೆಂಡೋಜಾ ಅಲ್ಲಿನ ಸ್ಪೇನ್ ಅಧಿಕಾರಿ. ಪುಸ್ತಕ ಬರೆದವರು ಮಾತ್ರ ನಹುವಾ ಚಿತ್ರಗಾರರು. ತಮ್ಮ ರಾಜರ ಕಾಲದ ವಿಷಯವನ್ನು ಅದರಲ್ಲಿ ಬರೆದಿದ್ದಾರೆ. ಯಾವ ವಯಸ್ಸಿನ ಮಗುವಿಗೆ ಒಂದು ಊಟಕ್ಕೆ ಎಷ್ಟು ರೊಟ್ಟಿ ಅನ್ನೋದು ಕೂಡ ಇದೆ. ಮೂರು ವರ್ಷದ ಮಗುವಿಗೆ ಅರ್ಧ ರೊಟ್ಟಿ. ಹದಿನಾಲ್ಕು ವರ್ಷದವರಿಗೆ ಎರಡು.

ಈ ಪುಸ್ತಕದಲ್ಲಿ ಕಪ್ಪದ ಲೆಕ್ಕ ಇದೆ. ಸೋತ ಊರುಗಳು ಮೆಶೀಕಾ ರಾಜನಿಗೆ ಕೊಡಬೇಕಾದ ವಸ್ತುಗಳು. ಕ್ವಾವಾಕಾನ್ ಎಂಬ ಕಾಡಿನ ಸೀಮೆಯವರು ತೊಲೆ ಕೊಡಬೇಕು, ಹಲಗೆ ಕೊಡಬೇಕು, ಸೌದೆಯ ಹೊರೆ ಕೊಡಬೇಕು. ಒಂದೊಂದರಲ್ಲೂ 1200. ತೊಲೆಯ ಚಿತ್ರದ ಮೇಲೆ ಮೂರು ಕೂದಲಿನ ಗುರುತು ಇಟ್ಟರೆ 1200 ಆಯಿತು. ತೆಪೆಯಾಕಾಕ್ ಸೀಮೆಯವರು ಸುಣ್ಣ ಕೊಡಬೇಕು. ಎಷ್ಟು? 4000 ಹೊರೆ.

ಸುಣ್ಣ ಯಾಕೆ ಅಷ್ಟು? ಗಾರೆಗೆ ಸುಣ್ಣ ಬೇಕು. ಗೋಡೆಗೆ, ನೆಲಕ್ಕೆ ಬಳಿಯಲು ಬೇಕು. ಅಡುಗೆಗೂ ಬೇಕು. ಅಲ್ಲಿಯ ಹೆಂಗಸರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಕಲ್ಲಿನ ಮೇಲೆ ಅರೆದು, ರೊಟ್ಟಿ ತಟ್ಟುತ್ತಿದ್ದರು. ಈಗಲೂ ಹಾಗೇ ಮಾಡುತ್ತಾರೆ.

ಅದೇ ಪುಸ್ತಕದ ಇನ್ನೊಂದು ಹಾಳೆ ನೋಡಿ. ಒಬ್ಬ ಮೇಲ್ವಿಚಾರಕ ಕುಳಿತು ಬುದ್ಧಿ ಹೇಳುತ್ತಿದ್ದಾನೆ. ಅವನ ಮುಂದೆ ಇಬ್ಬರು ಹುಡುಗರು. ಊರಿನ ಕೆಲಸಕ್ಕೆ ಬಂದವರು. ಹತ್ತಿರ ಅಗೆಯುವ ಕೋಲು, ಹೊರುವ ಬುಟ್ಟಿ ಇವೆ. ಹುಡುಗರ ಕಣ್ಣಿಂದ ನೀರು ಇಳಿಯುತ್ತಿದೆ. ಚಿತ್ರಗಾರ ಆ ಕಣ್ಣೀರನ್ನೂ ಬಿಟ್ಟಿಲ್ಲ. ಅದೇ ಹಾಳೆಯಲ್ಲಿ ಬಡಗಿ ಮರ ಕಡಿಯುತ್ತಿದ್ದಾನೆ, ಚಿತ್ರಗಾರ ಬರೆಯುತ್ತಿದ್ದಾನೆ. ತಂದೆ ತನ್ನ ಕಸಬನ್ನು ಮಗನಿಗೆ ಕಲಿಸುವುದು ಅಲ್ಲಿ ಕಾಣುತ್ತದೆ.

ಇನ್ನೊಂದು ದೊಡ್ಡ ಪುಸ್ತಕ 1577ರ ಸುಮಾರಿಗೆ ಮುಗಿಯಿತು. ಸಹಗೂನ್ ಎಂಬ ಪಾದ್ರಿಯ ಜೊತೆ ಸೇರಿ ನಹುವಾ ವಿದ್ವಾಂಸರು, ಚಿತ್ರಗಾರರು ಅದನ್ನು ಮಾಡಿದರು. 12 ಭಾಗ. ಸುಮಾರು 2500 ಚಿತ್ರ. ಬಡಗಿ, ಕಲ್ಲುಕುಟಿಗ, ಗಾರೆ ಕೆಲಸದವರು ಎಲ್ಲರೂ ಅದರಲ್ಲಿದ್ದಾರೆ. ಒಳ್ಳೆ ಕೆಲಸಗಾರ ಹೇಗಿರುತ್ತಾನೆ, ಕೆಟ್ಟ ಕೆಲಸಗಾರ ಹೇಗಿರುತ್ತಾನೆ ಅಂತಲೂ ಹೇಳಿದ್ದಾರೆ. ಅರಮನೆಯಿಂದ ಹುಲ್ಲಿನ ಗುಡಿಸಲಿನವರೆಗೆ ಎಷ್ಟು ಬಗೆಯ ಮನೆಗಳು ಅನ್ನೋದೂ ಇದೆ. ಮನೆ ಕಟ್ಟಿದವರ ಕಸಬಿಗೂ ಪುಸ್ತಕದಲ್ಲಿ ಜಾಗ ಸಿಕ್ಕಿದೆ ಅನ್ನೋದು ನಮಗೆ ಸಂತೋಷದ ಮಾತು.

ಊರು ಬಿತ್ತು

ಸ್ಪೇನ್ ದೇಶದ ಸೈನ್ಯ 1519ರಲ್ಲಿ ಬಂದಿತ್ತು. ಅದರ ನಾಯಕ ಕೋರ್ತೆಸ್. ಮೆಶೀಕಾ ರಾಜರ ಕಪ್ಪದಿಂದ ಬೇಸತ್ತ, ಅವರ ಮೇಲೆ ಹಗೆ ಇದ್ದ ಎಷ್ಟೋ ಊರಿನವರು ಕೋರ್ತೆಸ್ ಜೊತೆ ಸೇರಿದರು. 1521ರಲ್ಲಿ ತೆನೋಚ್ಟಿಟ್ಲಾನ್ ಬಿತ್ತು. ಆ ವರ್ಷದ ಗುರುತು ಏನು ಗೊತ್ತೇ? ಮೂರು ಚುಕ್ಕೆ, ಒಂದು ಮನೆ. ಊರು ಎದ್ದ ವರ್ಷವೂ ಮನೆ, ಊರು ಬಿದ್ದ ವರ್ಷವೂ ಮನೆ.

ಗುಡಿಗಳನ್ನು ಕೆಡವಿದರು. ಹಳೆಯ ಪುಸ್ತಕಗಳನ್ನು ಸುಟ್ಟರು. ಬಿದ್ದ ಊರಿನ ಮೇಲೆ ಹೊಸ ಊರು ಕಟ್ಟಬೇಕಾಯಿತು. ಸ್ಪೇನ್ ಅಧಿಕಾರಿಗಳಿಗೆ ದೊಡ್ಡ ದೊಡ್ಡ ಮನೆ ಬೇಕು. ಇಟ್ಟಿಗೆ ಯಾರು ಕೊಡಬೇಕು? ಸುಣ್ಣ ಯಾರು ಹೊರಬೇಕು? ನಹುವಾ ಜನರೇ.

ವೆಹೊತ್ಸಿಂಗೊ ಊರಿನ ದೂರು

ಮೆಕ್ಸಿಕೊ ನಗರದಿಂದ ಆಗ್ನೇಯಕ್ಕೆ ವೆಹೊತ್ಸಿಂಗೊ ಅಂತ ಒಂದು ಊರು ಇದೆ. ಆ ಊರಿನವರು ಯುದ್ಧದಲ್ಲಿ ಕೋರ್ತೆಸ್ ಪರವಾಗಿದ್ದವರು. ಗೆದ್ದ ಮೇಲೆ ಆ ಊರಿನ ಕಪ್ಪ ಕೋರ್ತೆಸನಿಗೇ ಸೇರಿತು. ಆದರೆ 1529, 1530ರಲ್ಲಿ ಅವನು ದೇಶದಲ್ಲಿ ಇರಲಿಲ್ಲ. ಆಗ ಅಧಿಕಾರ ನಡೆಸುತ್ತಿದ್ದವನು ನುನ್ಯೊ ದೆ ಗುಸ್ಮಾನ್. ಅವನು, ಅವನ ಜೊತೆಯ ಅಧಿಕಾರಿಗಳು ಊರಿನವರಿಂದ ಬೇಕಾದ್ದೆಲ್ಲ ಕಿತ್ತುಕೊಂಡರು. ಜೋಳ, ಅವರೆಕಾಳಿನಂಥ ಕಾಳು, ಟರ್ಕಿ ಕೋಳಿ, ಬಟ್ಟೆ. ಕಟ್ಟಡಕ್ಕೆ ಇಟ್ಟಿಗೆ, ಸುಣ್ಣ. ಜೊತೆಗೆ ಬಿಟ್ಟಿ ಕೆಲಸ. ಗುಸ್ಮಾನನ ದಂಡಯಾತ್ರೆಗೆ ಚಿನ್ನ ಮತ್ತು ಹಕ್ಕಿಯ ಗರಿಯ ಬಾವುಟ ಕೂಡ ಬೇಕೆಂದರು. ಆ ಬಾವುಟದ ಚಿನ್ನಕ್ಕಾಗಿ ಗಂಡಸರನ್ನೂ ಹೆಂಗಸರನ್ನೂ ಗುಲಾಮರಾಗಿ ಮಾರಬೇಕಾಯಿತು.

ಕೋರ್ತೆಸ್ ವಾಪಸು ಬಂದ. 1531ರಲ್ಲಿ ಅಧಿಕಾರಿಗಳ ಮೇಲೆ ದಾವೆ ಆಯಿತು. ಊರಿನವರು ಅವನ ಜೊತೆ ನಿಂತರು. ಕೋರ್ತೆಸ್ ಧರ್ಮಾತ್ಮ ಅಂತ ತಿಳಿಯಬೇಡಿ. ತನಗೆ ಬರಬೇಕಾದ ಕಪ್ಪ ಬೇರೆಯವರ ಪಾಲಾಯಿತು ಅನ್ನೋದು ಅವನ ಸಿಟ್ಟು. ತಮ್ಮನ್ನು ಸುಲಿದರು ಅನ್ನೋದು ಊರಿನವರ ಸಂಕಟ.

ಊರಿನವರಿಗೆ ಸ್ಪೇನ್ ಭಾಷೆ ಬರದು. ಆ ಅಕ್ಷರ ಬರದು. ಕೋರ್ಟಿನಲ್ಲಿ ಹೇಗೆ ಹೇಳುವುದು? ಅವರು ಎಂಟು ಹಾಳೆಗಳಲ್ಲಿ ಲೆಕ್ಕವನ್ನು ಚಿತ್ರ ಬರೆದು ತಂದರು. ಇಟ್ಟಿಗೆ, ಸುಣ್ಣ, ಜೋಳ, ಬಟ್ಟೆ ಎಲ್ಲ ಅದರಲ್ಲಿದೆ. ಎಷ್ಟೆಷ್ಟು ಅಂತ ಬಾವುಟ, ಕೂದಲು, ಚೀಲದ ಗುರುತು. ಆ ಗರಿಯ ಬಾವುಟವೂ ಇದೆ. ಅದರ ಮೇಲೆ ಮೇರಿ ತಾಯಿ, ಮಡಿಲಲ್ಲಿ ಮಗು. ಮಾರಿದ ಗಂಡಸರು, ಹೆಂಗಸರ ಚಿತ್ರವೂ ಇದೆ.

ಊರಿನ ಸಾಕ್ಷಿಗಳು ಚಿತ್ರ ನೋಡಿ ಹೇಳಿದರು. ದುಭಾಷಿ ಅದನ್ನು ಸ್ಪೇನ್ ಭಾಷೆಗೆ ತಿರುಗಿಸಿದ. ಗುಮಾಸ್ತ ಬರೆದುಕೊಂಡ. ಕೋರ್ಟು ಈ ಚಿತ್ರಗಳನ್ನು ಸಾಕ್ಷಿಯಾಗಿ ಒಪ್ಪಿತು. ತೀರ್ಪು ಅಧಿಕಾರಿಗಳ ವಿರುದ್ಧ ಆಯಿತು. ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಸ್ಪೇನ್ ದೇಶದ ರಾಜನವರೆಗೂ ಹೋಯಿತು. 1538ರಲ್ಲಿ ರಾಜ ಅದೇ ತೀರ್ಪನ್ನು ಎತ್ತಿಹಿಡಿದ. ಊರಿನವರಿಂದ ಕಿತ್ತುಕೊಂಡದ್ದರಲ್ಲಿ ಮೂರರಲ್ಲಿ ಎರಡು ಪಾಲು ವಾಪಸು ಕೊಡಬೇಕು ಅಂದ.

ಏಳು ವರ್ಷ ಹಿಡಿಯಿತು. ಪೂರ್ತಿ ಸಿಗಲಿಲ್ಲ. ಮಾರಿದ ಮನುಷ್ಯರಿಗೆ ಯಾವ ಲೆಕ್ಕವೂ ಸಾಲದು. ಆದರೂ ಯೋಚಿಸಿ. ಹೊರೆ ಹೊತ್ತ ಜನ ಲೆಕ್ಕ ಇಡದೇ ಇದ್ದಿದ್ದರೆ? 'ನಾವು ಬಹಳ ಕೊಟ್ಟೆವು ಸ್ವಾಮಿ' ಅಂತ ಬರೀ ಬಾಯಿಮಾತು ಹೇಳಿದ್ದರೆ? 'ಎಷ್ಟು?' ಅಂತ ಕೇಳಿದರೆ ಉತ್ತರ ಇರುತ್ತಿರಲಿಲ್ಲ.

ಎರಡು ಬರಹ ಕಲಿತರು

ಮುಂದೆ ನಹುವಾ ಜನ ಸ್ಪೇನ್ ದೇಶದ ಅಕ್ಷರವನ್ನೂ ಕಲಿತರು. ಆ ಅಕ್ಷರದಲ್ಲಿ ತಮ್ಮದೇ ಭಾಷೆ ಬರೆದರು. 1565ರಲ್ಲಿ ಮೆಕ್ಸಿಕೊ ನಗರದ ನಹುವಾ ಮುಖಂಡರು ಇನ್ನೊಂದು ದೂರು ಕೊಟ್ಟರು. ಸುಣ್ಣ ತಗೊಂಡು ಹಣ ಕೊಟ್ಟಿಲ್ಲ, ಕಟ್ಟಡದ ಕೆಲಸ ಮಾಡಿಸಿ ಕೂಲಿ ಕೊಟ್ಟಿಲ್ಲ ಅಂತ. ಈ ಸಲ ಚಿತ್ರದ ಪಕ್ಕದಲ್ಲಿ ಅಕ್ಷರವೂ ಇತ್ತು. ಚಿತ್ರ ತಿಳಿದವರು ಚಿತ್ರ ನೋಡಲಿ, ಅಕ್ಷರ ತಿಳಿದವರು ಅಕ್ಷರ ಓದಲಿ.

1560ರಲ್ಲಿ ವೆಹೊತ್ಸಿಂಗೊ ಸೀಮೆಯಲ್ಲಿ ಜನರ ಪಟ್ಟಿ ಮಾಡಿದರು. ಒಬ್ಬೊಬ್ಬರಿಗೂ ಒಂದು ಮುಖ ಬರೆದರು. ಮುಖದ ಪಕ್ಕ ಹೆಸರಿನ ಗುರುತು. ಬಡಗಿ, ಗಾರೆಯವರಿಗೆ ಕಸಬಿನ ಗುರುತು. ಗಂಡ ಸತ್ತ ಹೆಂಗಸರಿಗೆ ಕಣ್ಣಲ್ಲಿ ನೀರಿನ ಹನಿ. ಪಕ್ಕದಲ್ಲಿ ಅಕ್ಷರ ಕೂಡ ಇದೆ.

1580ರ ಸುಮಾರಿಗೆ ಕುಲ್ವಾಕಾನ್ ಎಂಬ ಊರಿನ ಹೆಂಗಸರು ಉಯಿಲು ಬರೆಸಿದರು. ಅವರು ಹೇಳಿದ್ದನ್ನು ಗುಮಾಸ್ತರು ನಹುವಾಟಲ್ ಭಾಷೆಯಲ್ಲೇ ಬರೆದರು. ನನ್ನ ಮನೆ ಯಾರಿಗೆ, ನನ್ನ ಹೊಲ ಯಾರಿಗೆ ಅಂತ. ಆ ಕಾಗದಗಳು ಇವತ್ತಿಗೂ ಇವೆ. ಅವರ ಮನೆಗಳು ಉಳಿದಿಲ್ಲ.

ಈಗ ಎಲ್ಲಿವೆ?

ವೆಹೊತ್ಸಿಂಗೊದ ಎಂಟು ಹಾಳೆ ಈಗ ಅಮೆರಿಕ ದೇಶದ ವಾಷಿಂಗ್ಟನ್ ನಗರದಲ್ಲಿದೆ. ಅಲ್ಲಿಯ ಸರಕಾರಿ ಗ್ರಂಥಾಲಯದಲ್ಲಿ ಜೋಪಾನವಾಗಿದೆ. ಮೆಂಡೋಜಾ ಪುಸ್ತಕ ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನಲ್ಲಿದೆ. ಅದರ ಪ್ರಯಾಣ ಒಂದು ಸಾಹಸದ ಕತೆ. ಸ್ಪೇನಿಗೆ ಹೊರಟ ಪುಸ್ತಕ ಸಮುದ್ರದಲ್ಲಿ ಫ್ರಾನ್ಸಿನ ಹಡಗುಗಳ್ಳರ ಕೈಗೆ ಸಿಕ್ಕಿತು. ಕೈಯಿಂದ ಕೈಗೆ ಹೋಗಿ 1659ರಲ್ಲಿ ಆಕ್ಸ್‌ಫರ್ಡ್ ಸೇರಿತು.

ಅಕ್ಕಂದಿರೇ, ಗುಸ್ಮಾನನಿಗೆ ಇಟ್ಟಿಗೆ, ಸುಣ್ಣ ಕೊಟ್ಟು ಸುಮಾರು 500 ವರ್ಷ ಆಯಿತು. ಎಷ್ಟು ಕೊಟ್ಟರು ಅನ್ನೋದು ಇವತ್ತಿಗೂ ಗೊತ್ತಿದೆ. ಇಟ್ಟಿಗೆ ಹೊತ್ತವರು ಬರೆಸಿಟ್ಟರು, ಅದಕ್ಕೇ.

ನಾವು ಶಾಲೆಯಲ್ಲಿ ಪಾಠ ಹೇಳುವವರು. ಸಂಜೆ ನಿಮ್ಮ ಜೊತೆ ಕೂತು ಈ ಕತೆ ಓದುವಾಗ ನಮಗೂ ಒಂದು ಮಾತು ಹೊಳೆಯಿತು. ಗೋಡೆ ಮೇಲೆ ಗೀಟು ಎಳೆದ ಕೈಗೆ ಲೆಕ್ಕ ಹೊಸದಲ್ಲ. ಈಗ ಅಕ್ಷರ, ಅಂಕಿ ಬಂದಿವೆ. ಕೂಲಿಗೆ ಹೋದ ದಿನ, ಮಾಡಿದ ಕೆಲಸ, ಬಂದ ಹಣ, ಬರಬೇಕಾದ ಹಣ ಇದಿಷ್ಟನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ತಾರೀಖು ಹಾಕುವುದನ್ನು ಮರೆಯಬೇಡಿ.

ಮಾತಾಡಿ, ಮಾಡಿ ನೋಡಿ

1. 'ಮೂರು ಚುಕ್ಕೆ, ಒಂದು ಮನೆ' ಯಾವ ವರ್ಷದ ಗುರುತು? ಆ ವರ್ಷ ಏನಾಯಿತು?
2. ಒಂದು ಕೂದಲು, ಐದು ಬಾವುಟ, ಎರಡು ಚುಕ್ಕೆ. ಒಟ್ಟು ಎಷ್ಟು? (ಉತ್ತರ: 502)
3. ವೆಹೊತ್ಸಿಂಗೊ ಊರಿನವರು ಕೋರ್ಟಿಗೆ ಏನು ತಂದರು? ಅದರಿಂದ ಏನಾಯಿತು?
4. ನಿಮ್ಮ ಊರಿನ ಹೆಸರನ್ನು ಚಿತ್ರದಲ್ಲಿ ಬರೆಯಲು ಆಗುತ್ತದೆಯೇ? ಬರೆದು ಪಕ್ಕದವರಿಗೆ ತೋರಿಸಿ. ಅವರು ಓದುತ್ತಾರೋ ನೋಡೋಣ.